ಗಾರ್ಡ್ ಡಬ್ಬಿಯ ಸೂರು

ಈಗ ಬೆಸೆದುಬಿಟ್ಟರೆ ಮತ್ತೆ ತೆಗೆಯಲು ಬರುವುದಿಲ್ಲ. ಬೆಸೆಯದೆ ಬಿಟ್ಟರೆ ಏಕನಾಥಮ್ಮನಿಗೆ ಏನು ಹೇಳುವುದು? ಎರಡು ವರ್ಷದಿಂದ ಭಾನುವಾರ ಭಾನುವಾರವೂ ‘ಮುಂದಿನ ವಾರ ನೋಡಾಣ ಬಿಡು’ ಎಂದು ಮುಂದಕ್ಕೆ ತಳ್ಳಿಕೊಂಡು ಬಂದ ಕೆಲಸವನ್ನು, ಕರಿಸಿದ್ದಪ್ಪನಿಲ್ಲದ ಮೊದಲ ಬೆಳಿಗ್ಗೆಯೇ ಮುಗಿಸಿಬಿಡುವುದು ಸರಿಯೆ? ಹೀಗೆ ತನ್ನನ್ನೇ ಕೇಳಿಕೊಳ್ಳುತ್ತ ಮೂಡಲಗಿರಿಯಪ್ಪ ಹಿತ್ತಾಳೆಯ ಸೂರನ್ನು ಚಿಮಟದಲ್ಲಿ ಹಿಡಿದು ಡಬ್ಬಿಯ ಮೇಲಿಟ್ಟ. ಸರಿಯಾಗಿ ಕೂತಿತು. ತೆಗೆದ. ಮತ್ತೆ ಇಟ್ಟ.

ಗೇಣಿಗೆ ಎರಡು ಬೆರಳು ಕಡಿಮೆ ಉದ್ದದ ಗಾರ್ಡ್ ಡಬ್ಬಿ ಅದು. ಗೂಡ್ಸ್ ರೈಲಿನ ಕೊನೆಯಲ್ಲಿ ಗಾರ್ಡ್ ಕೂರುವ ಡಬ್ಬಿ ಇರುತ್ತಿತ್ತಲ್ಲ, ಅದರ ಮಾದರಿ. ಎರಡು ತುದಿಗೂ ಕಟಕಟೆಯಿದ್ದ ಪುಟ್ಟ ಜಗುಲಿ, ನಡುವೆ ಒಂದು ಕೋಣೆ. ಕೋಣೆಯೊಳಗೆ ಬೆಂಚು, ಗೋಡೆಗೆ ತಾಗಿದ ಬರೆಯುವ ಹಲಗೆ, ಮೂಲೆಯಲ್ಲೊಂದು ನೀರಿನ ಹೂಜಿ, ನಡುವೆ ಕೈಬ್ರೇಕಿನ ಚಕ್ರ. ಎಲ್ಲವೂ ಹಿತ್ತಾಳೆ. ಬಣ್ಣವನ್ನು ಸೂರು ಕೂತ ಮೇಲೆ ಹಚ್ಚುವುದೆಂದು ಮಾತಾಗಿತ್ತು.

ಅದನ್ನು ಕಟ್ಟಿದವನು, ನಿವೃತ್ತ ಗಾರ್ಡ್ ಕರಿಸಿದ್ದಪ್ಪ, ಈಗ ಪಕ್ಕದ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಹಣೆಗೆ ಭಂಡಾರ, ಕೊರಳಿಗೆ ಚೆಂಡು ಹೂವಿನ ಹಾರ, ಗಲ್ಲಕ್ಕೆ ಬಿಗಿದ ಬಿಳಿ ಬಟ್ಟೆ. ರಾತ್ರಿ ಉಂಡು ಮಲಗಿದವನು ಬೆಳಿಗ್ಗೆ ಹಾಲು ತರಲು ಏಳಲಿಲ್ಲ, ಅಷ್ಟೆ. ಎರಡು ಬೀದಿ ಆಚೆ ಇದ್ದ, ಒಂದು ಕಾಲಕ್ಕೆ ಅವನ ಗಾಡಿಯ ಎಂಜಿನ್ ಡ್ರೈವರ್ ಆಗಿದ್ದ ಮೂಡಲಗಿರಿಯಪ್ಪನಿಗೆ ಸುದ್ದಿ ಮುಟ್ಟಿ ಅವನು ಓಡಿಬಂದಾಗ ಏಕನಾಥಮ್ಮ ಗಂಡನ ಕಾಲ ಹತ್ತಿರ ಕೂತಿದ್ದಳು. ಅಳುತ್ತಿರಲಿಲ್ಲ. ಇವನನ್ನು ಕಂಡವಳೇ, “ಅಣ್ಣಾ, ಆ ಡಬ್ಬಿ ಅವ್ರ ಜೊತೆ ಹೋಗ್ಬೇಕು. ಸೂರು ಹಾಕಿ ಕೊಡು” ಎಂದಿದ್ದಳು.

ಹಾಗೆ ಹೇಳಿದಾಗ ಬಾಗಿಲಲ್ಲಿ ನಿಂತಿದ್ದ ಕರಿಸಿದ್ದಪ್ಪನ ಅಣ್ಣ ಮೈಲಾರಪ್ಪ ತನ್ನ ಕಂಬಳಿ ಸರಿಪಡಿಸಿಕೊಳ್ಳುತ್ತ ಅದಕ್ಕೊಂದು ಗಡುವು ಹಾಕಿದ್ದ. “ಮುಗ್ಸಾದಾದ್ರೆ ಮುಗ್ಸ್ರಿ ಡ್ರೈವರ್ರೇ. ಅರ್ಧಂಬರ್ಧ ಸಾಮಾನು ಮಣ್ಣಿಗೆ ಇಡಾಕೆ ನಾನು ಬಿಡಲ್ಲ. ಇವತ್ತು ಗುರುವಾರ, ಒಂದೂವರೆಗೆ ರಾಹುಕಾಲ. ಹತ್ತು ಗಂಟೆಗೆ ಇಲ್ಲಿಂದ ಎತ್ತಬೇಕು.”

ಒಂಬತ್ತಾಗಿತ್ತು. ಬೆಸುಗೆ ಹಾಕಲು ಮೂರು ಕೈ ಬೇಕು. ಚಿಮಟದಲ್ಲಿ ತಗಡನ್ನು ಅಲುಗದಂತೆ ಹಿಡಿಯುವುದು ಯಾವತ್ತೂ ಮೂಡಲಗಿರಿಯಪ್ಪನ ಕೆಲಸ. ಬಿಸಿ ಕಡ್ಡಿ, ಸೀಸದ ತಂತಿ ಎರಡೂ ಕರಿಸಿದ್ದಪ್ಪನವು. ಏಳು ವರ್ಷದಲ್ಲಿ ಒಂದು ಸಲವೂ ಅದು ಅದಲುಬದಲಾಗಿರಲಿಲ್ಲ.

ಪಕ್ಕದ ಮನೆಯ ತಿಪ್ಪಮ್ಮ ಸ್ಟೀಲ್ ಲೋಟದಲ್ಲಿ ಟೀ ತಂದು ಮೇಜಿನ ಅಂಚಿಗಿಟ್ಟಳು. “ಕುಡೀರಿ ಅಣ್ಣಾರೆ. ಈ ಮನೇಲಿ ಇವತ್ತು ಒಲೆ ಹಚ್ಚಂಗಿಲ್ಲ, ನಮ್ಮನೇದು.” ಆಮೇಲೆ ಡಬ್ಬಿಯತ್ತ ಬಗ್ಗಿ ನೋಡಿ, “ಅಯ್ಯ, ಒಳಗೆ ಹೂಜೀನೂ ಐತೆ! ಸೂರು ಹಾಕಿದ್ರೆ ಇದೆಲ್ಲ ಯಾರಿಗೆ ಕಾಣುತ್ತೆ?” ಎಂದಳು.

“ಯಾರಿಗೂ ಕಾಣಲ್ಲ.”

“ಮತ್ಯಾಕೆ ಮಾಡಿದ್ರು?”

ಮೂಡಲಗಿರಿಯಪ್ಪ ಟೀ ಲೋಟ ಕೈಗೆತ್ತಿಕೊಂಡ. ಉತ್ತರ ಗೊತ್ತಿತ್ತು.

*

ಏಳು ವರ್ಷದ ಹಿಂದೆ ಬಂದ ಲಕೋಟೆಯ ಮೇಲೆ ಇದ್ದದ್ದು ಮೂರೇ ಮಾತು: ಕರಿಸಿದ್ದಪ್ಪ, ಗಾರ್ಡ್, ಚಿಕ್ಕಜಾಜೂರು. ಚಿಕ್ಕಜಾಜೂರಿನ ಪೋಸ್ಟ್‌ಮನ್ ಹಳೆಯ ಸ್ಟೇಷನ್ನಿನವರನ್ನು ಕೇಳಿ, ಕರಿಸಿದ್ದಪ್ಪ ನೆಲೆಸಿದ್ದ ಹೊಳಲ್ಕೆರೆಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿದ್ದ. ಒಳಗೆ ಎರಡು ಹಿತ್ತಾಳೆ ತಗಡು, ಒಂದಷ್ಟು ತಂತಿ, ನಾಲ್ಕು ಚಕ್ರ, ಇಂಗ್ಲಿಷಿನಲ್ಲಿ ಬರೆದ ಎಂಟು ಪುಟ. ತಗಡಿನ ತುಂಬ ಬಾಗಿಲು, ಕಿಟಕಿ, ಕಟಕಟೆ, ಮೆಟ್ಟಿಲುಗಳ ಆಕಾರಗಳನ್ನು ಆಮ್ಲದಲ್ಲಿ ಕೊರೆದಿದ್ದರು. ಒಂದೊಂದೂ ಕೂದಲಿನಂಥ ಎಳೆಯಲ್ಲಿ ತಗಡಿಗೆ ಅಂಟಿಕೊಂಡಿತ್ತು.

ಕಳಿಸಿದವನು ಇಂಗ್ಲೆಂಡಿನ ಒಬ್ಬ ಬಿಳಿಯ. ಮೀಟರ್ ಗೇಜ್ ಹಳಿ ಕೀಳುವ ಮೊದಲು ಅದರ ಫೋಟೋ ತೆಗೆಯಲು ಬಂದು, ಚಿಕ್ಕಜಾಜೂರಿನಿಂದ ಚಿತ್ರದುರ್ಗದವರೆಗೆ ಕರಿಸಿದ್ದಪ್ಪನ ಡಬ್ಬಿಯಲ್ಲಿ ಕೂತು ಹೋಗಿದ್ದವನು. ಹಾಗೆ ಕೂರಿಸಿಕೊಳ್ಳುವಂತಿರಲಿಲ್ಲ. ಕರಿಸಿದ್ದಪ್ಪ ಕೂರಿಸಿಕೊಂಡಿದ್ದ, ತನ್ನ ಬುತ್ತಿಯಲ್ಲಿ ಅರ್ಧ ಕೊಟ್ಟಿದ್ದ. ಹಿರಿಯೂರಿನ ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುವ ಮಗಳು ಚೈತ್ರಾ ಬಂದಾಗ ಕಾಗದ ಓದಿ ಹೇಳಿದಳು. “ಅಪ್ಪಾಜಿ, ‘ನಿಮ್ಮ ಡಬ್ಬಿಯಂಥದ್ದು ಎಲ್ಲೂ ಸಿಗಲಿಲ್ಲ, ನಮ್ಮ ದೇಶದ್ದು ಕಳಿಸಿದ್ದೇನೆ. ಕಟ್ಟುವುದು ಕಷ್ಟ. ಆದರೆ ನಿಮಗೆ ಈಗ ಸಮಯವಿದೆ’ ಅಂತ ಬರ್ದವ್ರೆ.”

“ಅವನಿಗೆ ಹೆಂಗೆ ಗೊತ್ತಾಯ್ತೋ ನಮಗೆ ಟೈಮೈತೆ ಅಂತ!” ಎಂದು ಕರಿಸಿದ್ದಪ್ಪ ನಕ್ಕ. ಅದೇ ಭಾನುವಾರ ಮೂಡಲಗಿರಿಯಪ್ಪನಿಗೆ ಹೇಳಿಕಳಿಸಿದ.

ಮೊದಲ ದಿನವೇ ಕೆಟ್ಟಿತು. ತಗಡನ್ನು ಮಡಚಬೇಕಾದ ಕಡೆ ಅರ್ಧ ಆಳಕ್ಕೆ ಕೊರೆದ ಗೀರು ಇರುತ್ತದೆ. ಆ ಗೀರು ಮಡಿಕೆಯ ಒಳಮಗ್ಗುಲಿಗೆ ಬರಬೇಕು. ಇಬ್ಬರೂ ಮರ, ಕಬ್ಬಿಣ ನೋಡಿದವರೇ ಹೊರತು ಇಂಥ ಕಾಗದದಷ್ಟು ತೆಳ್ಳನೆಯ ತಗಡನ್ನು ಮುಟ್ಟಿದವರಲ್ಲ. ಬೀಡಿ ಎಲೆ ಮಡಚಿದಂತೆ ಗೀರನ್ನು ಹೊರಕ್ಕೆ ಮಾಡಿ ಒತ್ತಿದರು. ಚಟ್ ಎಂದು ಡಬ್ಬಿಯ ಒಂದು ಮಗ್ಗುಲು ಎರಡಾಯಿತು.

“ಲೇ ಡ್ರೈವರ್, ನಿನಗೆ ಉಲ್ಟಾ ನೋಡಾದೇ ಬರಲ್ಲ ಕಣೋ” ಎಂದ ಕರಿಸಿದ್ದಪ್ಪ. ಎಂದವನೇ ನಾಲಿಗೆ ಕಚ್ಚಿಕೊಂಡ. ಮೂಡಲಗಿರಿಯಪ್ಪ ಮುರಿದ ತುಂಡುಗಳನ್ನು ಜೋಡಿಸಿ ನೋಡತೊಡಗಿದ. ಒಳಗಿನಿಂದ ಏಕನಾಥಮ್ಮ, “ಏನ್ರಿ ಅದು, ಒಡೀತಾ?” ಎಂದು ಕೂಗಿದಾಗ ಇಬ್ಬರೂ ಒಟ್ಟಿಗೆ, “ಏನಿಲ್ಲ” ಎಂದರು.

ಒಡೆದ ಮಗ್ಗುಲಿಗೆ ಒಳಗಿನಿಂದ ಪಟ್ಟಿ ಕೊಟ್ಟು ಬೆಸೆದರು. ಆ ಕಲೆ ಈಗಲೂ ಇದೆ. ಆಮೇಲೆ ಇಂಗ್ಲೆಂಡಿನ ಡಬ್ಬಿಯನ್ನು ತಮ್ಮ ಡಬ್ಬಿ ಮಾಡುವ ಕೆಲಸ ಹಿಡಿಯಿತು. ಅದರೊಳಗೆ ಕಲ್ಲಿದ್ದಲಿನ ಒಲೆಯೊಂದಿತ್ತು. “ನಮ್ ದುರ್ಗದ ಬಿಸ್ಲಿಗೆ ಒಲೆ ಬೇರೆ ಕೇಡು!” ಎಂದು ಕರಿಸಿದ್ದಪ್ಪ ಅದನ್ನು ಕತ್ತರಿಸಿ ಎಸೆದು, ಅರದಲ್ಲಿ ತಿಕ್ಕಿ ತಿಕ್ಕಿ ಒಂದು ಹೂಜಿ ಮಾಡಿದ. ಹೊಲಿಗೆ ಸೂಜಿಯ ಮೊನೆಯಿಂದ ಹಿಂದಿನಿಂದ ಚುಚ್ಚಿ ಚುಚ್ಚಿ ರಿವೆಟ್ಟುಗಳನ್ನು ಎಬ್ಬಿಸಿದರು, ಒಂದು ಮಗ್ಗುಲಿಗೆ ಇನ್ನೂರ ಹದಿನಾಲ್ಕು. ಸುಟ್ಟುಹೋದ ಮೋಟರಿನ ತಂತಿಯಿಂದ ಹಿಡಿಕೆಗಳಾದವು. ಒಂದು ಹಿಡಿಕೆಗೆ ಒಂದು ಭಾನುವಾರ. ಹೆಂಡತಿ ತೀರಿಕೊಂಡ ಮೇಲೆ ಮೂಡಲಗಿರಿಯಪ್ಪನ ಭಾನುವಾರದ ಊಟವೂ ಆ ಮನೆಯಲ್ಲೇ ಆಯಿತು: ರೊಟ್ಟಿ, ಪಲ್ಯ, ತಟ್ಟೆಯ ಅಂಚಿಗೆ ಹುಚ್ಚೆಳ್ಳು ಚಟ್ನಿ.

*

ಒಂಬತ್ತೂಕಾಲಿಗೆ ಕರೆಂಟ್ ಹೋಯಿತು. ಬೆಸುಗೆ ಕಡ್ಡಿ ಕಾಯುವುದರಲ್ಲಿತ್ತು, ತಣ್ಣಗಾಯಿತು.

“ಲೈನ್ ರಿಪೇರಿಯಂತೆ ಮಾವ, ಹನ್ನೆರಡಕ್ಕೆ ಬರುತ್ತಂತೆ” ಎಂದಳು ಚೈತ್ರಾ. ಅತ್ತು ಅತ್ತು ಅವಳ ಧ್ವನಿ ಒಡೆದಿತ್ತು. ಅವ್ವ ‘ಅಣ್ಣಾ’ ಎಂದು ಕರೆಯುವುದರಿಂದ ಅವಳಿಗೆ ಮೂಡಲಗಿರಿಯಪ್ಪ ಚಿಕ್ಕಂದಿನಿಂದಲೂ ಡ್ರೈವರ್ ಮಾವ.

ಮೂಡಲಗಿರಿಯಪ್ಪನಿಗೆ ಒಂದು ಕ್ಷಣ ಎದೆ ಹಗುರಾಯಿತು. ತಾನಾಗಿ ಬೇಡ ಎನ್ನಬೇಕಾಗಿಲ್ಲ, ಕರೆಂಟೇ ಎಂದಿದೆ. ಆದರೆ ಚೈತ್ರಾ ಮೇಜಿನ ಖಾನೆ ಎಳೆದು ಅದರ ತಳದಿಂದ ಮರದ ಹಿಡಿಯ ತಾಮ್ರದ ಕಡ್ಡಿಯೊಂದನ್ನು ತೆಗೆದಳು. ಕುಲುಮೆಯಲ್ಲಿ ಕಾಯಿಸಿ ಪಾತ್ರೆಗೆ ಬೆಸುಗೆ ಹಾಕುವವರ ಹಳೆಯ ಕಡ್ಡಿ. ಕರೆಂಟಿಲ್ಲದ ಭಾನುವಾರಗಳಲ್ಲಿ ಕರಿಸಿದ್ದಪ್ಪ ಅದನ್ನೇ ಸೌದೆ ಒಲೆಗೆ ಇಡುತ್ತಿದ್ದ.

“ಒಲೆ ಹಚ್ಚಂಗಿಲ್ಲವಲ್ಲಮ್ಮ.”

“ಹೊರಗೆ ಬೆಂಕಿ ಐತಲ್ಲ ಮಾವ.”

ಮನೆಯ ಮುಂದೆ, ಸತ್ತ ಮನೆಯೆಂದು ಸಾರುವಂತೆ, ಕುಳ್ಳಿನ ಬೆಂಕಿ ಸಣ್ಣಗೆ ಹೊಗೆಯಾಡುತ್ತಿತ್ತು. ಸುತ್ತ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಊರಿನಿಂದ ಬಂದ ನೆಂಟರು. ಮೂಡಲಗಿರಿಯಪ್ಪ ಕೈಯಲ್ಲಿ ಡಬ್ಬಿ ಹಿಡಿದು ಬಂದು ಬೆಂಕಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕಡ್ಡಿಯನ್ನು ಕೆಂಡಕ್ಕೆ ಸಿಕ್ಕಿಸಿದ್ದನ್ನು ಕಂಡು ಮೈಲಾರಪ್ಪ ಎದ್ದು ನಿಂತ.

“ಏನ್ರಿ ಇದು? ಸಾವಿನ ಬೆಂಕೀಲಿ ಕಮ್ಮಾರಿಕೆ ಮಾಡ್ತಾರೇನ್ರಿ? ಎಲ್ಲಾರ ಕಂಡೀರಾ?”

ಒಳಗಿನಿಂದ ಏಕನಾಥಮ್ಮನ ದನಿ ಬಂತು. ಜೋರಾಗಿರಲಿಲ್ಲ, ಆದರೆ ಎಲ್ಲರಿಗೂ ಕೇಳಿತು. “ಬಿಡ್ರಿ ಬಾವ. ಅವ್ರದೇ ಕೆಲ್ಸ, ಅವ್ರದೇ ಬೆಂಕಿ.”

ಮೈಲಾರಪ್ಪ ಕೂತ. ಕೂತ ಮೇಲೆ ಅವನಿಗೂ ಬೆಂಕಿಯಿಂದ ಕಣ್ಣು ತೆಗೆಯಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಕುಳ್ಳನ್ನು ಕೋಲಿನಿಂದ ಕೆದಕಿ ಕೆಂಡವನ್ನು ಕಡ್ಡಿಯ ಕಡೆಗೆ ನೂಕಿದ. “ಹದಿನಾರು ವರ್ಷದವನಿದ್ದಾಗ ಕುರಿ ಬಿಟ್ಟು ರೈಲ್ವೆ ಅಂತ ಹೊಂಟ ನನ್ ತಮ್ಮ. ನಮ್ಮಪ್ಪ ಬೈದ. ಲೇ, ಕುರಿ ಮುಂದಿದ್ರೆ ಕುರುಬ ಹಿಂದಿರ್ತಾನೆ, ಅಲ್ಲೂ ಹಿಂದೇನೇ ಹೋಗ್ತೀಯಲ್ಲೋ ಅಂತ. ಏನಂದ ಗೊತ್ತಾ? ‘ಹಿಂದಿರೋನಿಗೇ ಅಪ್ಪಾ ಎಲ್ಲಾ ಕಾಣಾದು’ ಅಂದ!”

ಕುರ್ಚಿಗಳಲ್ಲಿ ಸಣ್ಣ ನಗು ಹರಿಯಿತು.

“ಅವತ್ತು ಹಿಂದಿದ್ದಿದ್ದಕ್ಕೇ ಸಾಯ್ತಿದ್ರು” ಎಂದಳು ತಿಪ್ಪಮ್ಮ, ಬಂದವರಿಗೆ ಟೀ ಹಂಚುತ್ತ. “ಈ ಅಣ್ಣಾರು ತಿರುಗಿ ನೋಡಲಿಲ್ಲ ಅಂದಿದ್ರೆ ಅವತ್ತೇ ಹೋಗಿರಾರು.”

“ಯಾವತ್ತು?” ಎಂದ ಹೊಸಬನೊಬ್ಬ.

ಚೈತ್ರಾ ಹೊಸ್ತಿಲಲ್ಲಿ ಕೂತು ಆ ಕತೆ ಹೇಳಿದಳು. ಹುಟ್ಟುವ ಮೊದಲಿನದನ್ನು ಕಣ್ಣಾರೆ ಕಂಡವಳಂತೆ ಹೇಳಬಲ್ಲಳು, ಅಷ್ಟು ಸಲ ಕೇಳಿದ್ದಳು. ಎಂಬತ್ತೊಂಬತ್ತನೇ ಇಸವಿ, ಹೊಸದುರ್ಗ ರೋಡಿನ ಕಡೆ ಗುಡ್ಡದ ಏರು. ಗೂಡ್ಸಿನ ನಡುವೆ ಕೊಂಡಿ ಕಳಚಿ ಹಿಂದಿನ ಹತ್ತು ಡಬ್ಬಿ ಇಳಿಜಾರಿಗೆ ವಾಪಸ್ ಉರುಳಿದವು. ಅಪ್ಪಾಜಿ ಒಂದು ಕೈಲಿ ಕೆಂಪು ಬಾವುಟ ಬೀಸಿದರು, ಇನ್ನೊಂದು ಕೈಲಿ ಬ್ರೇಕಿನ ಚಕ್ರ ತಿರುಗಿಸಿದರು. ಅಷ್ಟು ದೂರದಲ್ಲಿ, ಎಂಜಿನ್ನಿನಲ್ಲಿ, ಮಾವ ತಿರುವಿನಲ್ಲಿ ತಿರುಗಿ ನೋಡಿದರು. ಬಾವುಟ ಕಂಡಿತು. ಏರು ದಾಟಿಸಿ ಗಾಡಿ ನಿಲ್ಲಿಸಿ, ಹಿಂದಕ್ಕೆ ಬಂದು, ಚರ್ಮ ಕಿತ್ತುಹೋದ ಅಪ್ಪಾಜಿಯ ಅಂಗೈಗಳಿಗೆ ತಮ್ಮ ಟವೆಲ್ ಸುತ್ತಿ ಆಸ್ಪತ್ರೆಗೆ ಕರೆದೊಯ್ದರು.

“ನಾನು ಹುಟ್ಟಿದ್ದು ಆಮೇಲೆ” ಎಂದಳು ಚೈತ್ರಾ. “ಮಾವ ತಿರುಗಿ ನೋಡಿದ್ದಕ್ಕೆ ನಾನಿರೋದು.”

ನೆಂಟರೆಲ್ಲ ಮೂಡಲಗಿರಿಯಪ್ಪನನ್ನು ನೋಡಿದರು. ಅವನು ಕಡ್ಡಿಯನ್ನು ಕೆಂಡದಲ್ಲಿ ಹೊರಳಿಸಿದ.

*

ಅವತ್ತು ಬೆಳಿಗ್ಗೆ ಚಿಕ್ಕಜಾಜೂರಿನಲ್ಲಿ ಗಾಡಿ ಬಿಡುವ ಮೊದಲು ಕರಿಸಿದ್ದಪ್ಪ ಪ್ಲಾಟ್‌ಫಾರಂ ಉದ್ದಕ್ಕೂ ನಡೆದು ಎಂಜಿನ್ನಿನವರೆಗೂ ಬಂದಿದ್ದ. ಕೈಯಲ್ಲಿ ಬಟ್ಟೆಗಂಟು. “ತಗಳಪ್ಪ, ನಮ್ಮನೆಯವ್ಳು ಕಟ್ಯವ್ಳೆ. ಹೊಸ ಹೆಂಡ್ತಿ ಕೈರುಚಿ ಊರಿಗೆಲ್ಲ ತೋರಿಸ್ಬೇಕಂತೆ.” ಒಂದೇ ಗಾಡಿಯಲ್ಲಿ ನಾಲ್ಕು ವರ್ಷ ಓಡಾಡಿದ್ದರೂ ಅವರಿಬ್ಬರೂ ಎದುರೆದುರು ನಿಂತು ಮಾತಾಡಿದ್ದು ಕಡಿಮೆ. ನಡುವೆ ಯಾವಾಗಲೂ ಮೂವತ್ತು ನಲವತ್ತು ಡಬ್ಬಿ. ಮುಂದಿನವನು ತಿರುಗಿ ನೋಡುವುದು, ಹಿಂದಿನವನು ಹಸಿರು ಬಾವುಟ ತೋರಿಸುವುದು. ಅವರ ಸ್ನೇಹ ಅಷ್ಟೇ ಆಗಿತ್ತು, ಅಷ್ಟು ಸಾಕೂ ಆಗಿತ್ತು.

ಏರು ಹತ್ತುವಾಗ ಫೈರ್‌ಮನ್‌ಗೆ ತಲೆ ಎತ್ತಲು ಪುರುಸೊತ್ತಿರಲಿಲ್ಲ. ತಿರುವಿನಲ್ಲಿ ತಿರುಗಿ ನೋಡುವುದು ಡ್ರೈವರನ ಪಾಲಿಗೆ ಬಿಟ್ಟದ್ದು. ಆಗ ಮೂಡಲಗಿರಿಯಪ್ಪ ಮೊಣಕಾಲ ಮೇಲೆ ಗಂಟು ಬಿಚ್ಚಿಕೊಂಡಿದ್ದ. ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಸವರಿಕೊಂಡು ತಿನ್ನುತ್ತಿದ್ದ. ರುಚಿಯಾಗಿತ್ತು. ತಿರುವು ಬಂತು, ಹೋಯಿತು. ಎಂಜಿನ್ ಹಗುರಾಗಿ ಎಳೆಯುತ್ತಿದೆ ಎನ್ನಿಸಿದ್ದು ಹತ್ತು ನಿಮಿಷದ ಮೇಲೆ. ಆಗ ನೋಡಿದ. ಗಾಡಿ ಅರ್ಧಕ್ಕೇ ಮುಗಿದಿತ್ತು.

ಹಿಂದಿನ ಆ ಹತ್ತು ಡಬ್ಬಿಗಳಿಗೆ ಎಂಜಿನ್ನಿನ ಬ್ರೇಕಿನ ಪೈಪು ಇರಲಿಲ್ಲ. ಅವುಗಳಿಗಿದ್ದ ಬ್ರೇಕು ಗಾರ್ಡಿನ ಎರಡು ಕೈ ಮಾತ್ರ. ಅವನು ಹಿಂದಕ್ಕೆ ಬಂದು ತಲುಪಿದಾಗ ಡಬ್ಬಿಗಳು ಬಯಲಿನಲ್ಲಿ ನಿಂತಿದ್ದವು. ಕರಿಸಿದ್ದಪ್ಪ ಹಳಿಯ ಪಕ್ಕದ ಜಲ್ಲಿಯ ಮೇಲೆ ಕೂತಿದ್ದ. ಅಂಗೈಗಳನ್ನು ಆಕಾಶಕ್ಕೆ ಮಾಡಿ ತೊಡೆಯ ಮೇಲಿಟ್ಟುಕೊಂಡಿದ್ದ. ಮೂಡಲಗಿರಿಯಪ್ಪ ಓಡಿಬಂದು ಎದುರಿಗೆ ಮಂಡಿಯೂರಿದ. ಕರಿಸಿದ್ದಪ್ಪನ ಕಣ್ಣು ಇವನ ಬಲಗೈಯ ಮೇಲೆ ನಿಂತಿತು. ಐದು ಬೆರಳ ತುದಿಗೂ ಕಪ್ಪು ಚಟ್ನಿ ಒಣಗಿ ಹತ್ತಿತ್ತು.

“ಖಾರ ಜಾಸ್ತಿ ಆಗಿತ್ತೇನಪ್ಪ?” ಎಂದ ಕರಿಸಿದ್ದಪ್ಪ.

ಅಷ್ಟೇ. ವಿಚಾರಣೆಯಲ್ಲಿ ಅಧಿಕಾರಿ ಕೇಳಿದಾಗ, ಎರಡೂ ಕೈಗೆ ಬ್ಯಾಂಡೇಜು ಸುತ್ತಿಕೊಂಡು ನಿಂತವನು ಹೇಳಿದ: “ತಿರುವಿನಲ್ಲಿ ಡ್ರೈವರ್ ತಿರುಗಿ ನೋಡಿದರು ಸರ್. ನನ್ನ ಕೆಂಪು ಬಾವುಟ ನೋಡಿದರು. ನಾನು ಅವರ ಮುಖ ನೋಡಿದೆ.” ಅಧಿಕಾರಿ ಬರೆದುಕೊಂಡರು. ಮೂಡಲಗಿರಿಯಪ್ಪನನ್ನು ಕೇಳಿದಾಗ ಅವನು, “ಹೌದು ಸರ್” ಎಂದ. ಕೆಲಸ ಉಳಿಯಿತು. ಕರಿಸಿದ್ದಪ್ಪನ ಬಲಗೈ ಹೆಬ್ಬೆರಳು ಮಾತ್ರ ಮತ್ತೆಂದೂ ಮಡಚಲಿಲ್ಲ. ಅದಕ್ಕೇ ಅವನಿಗೆ ಚಿಮಟ ಹಿಡಿಯಲು ಬರುತ್ತಿರಲಿಲ್ಲ. ಅದಕ್ಕೇ ಈ ಏಳು ವರ್ಷವೂ ಚಿಮಟ ಹಿಡಿದದ್ದು ಮೂಡಲಗಿರಿಯಪ್ಪ.

ಆಸ್ಪತ್ರೆಯಿಂದ ಬಿಟ್ಟ ದಿನ ಏಕನಾಥಮ್ಮ ಇವನ ಕಾಲಿಗೆ ಬಿದ್ದಿದ್ದಳು. ಅವತ್ತಿನಿಂದ ಅಣ್ಣಾ ಎಂದಳು. ಆ ಮನೆಯಲ್ಲಿ ಉಂಡಾಗಲೆಲ್ಲ ತಟ್ಟೆಯ ಅಂಚಿಗೆ ಹುಚ್ಚೆಳ್ಳು ಚಟ್ನಿ ಬರುತ್ತಿತ್ತು, ಅಣ್ಣನಿಗೆ ಇಷ್ಟವೆಂದು. ಚಟ್ನಿ ಬಡಿಸುವಾಗ ಕರಿಸಿದ್ದಪ್ಪ ಒಂದು ಸಲವೂ ತಲೆಯೆತ್ತಿ ಇವನನ್ನು ನೋಡುತ್ತಿರಲಿಲ್ಲ. ಬೈಯಲಿ, ಒಮ್ಮೆಯಾದರೂ ಬೈದುಬಿಡಲಿ ಎಂದು ಮೂಡಲಗಿರಿಯಪ್ಪ ಎಷ್ಟು ಭಾನುವಾರ ಕಾದಿದ್ದನೋ.

*

ತಾಮ್ರದ ಮೊನೆ ಕಾದು ಅದರ ಸುತ್ತಣ ಉರಿ ಹಸಿರು ಛಾಯೆಗೆ ತಿರುಗಿತು. ಚೈತ್ರಾ ಚಿಮಟ ಹಿಡಿದು ಎದುರಿಗೆ ಕೂತಳು. “ಹೇಳಿ ಮಾವ, ಎಲ್ಲಿ ಹಿಡೀಲಿ?”

“ತಾಳಮ್ಮ, ಒಂದ್ನಿಮಿಷ.”

ಅವನು ಡಬ್ಬಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿದ. ಒಡೆದು ಬೆಸೆದ ಮಗ್ಗುಲಿನ ಒಳಗೆ ಆ ಪಟ್ಟಿ ಕಂಡಿತು. ಕಿರುಬೆರಳ ಉಗುರಿನಿಂದ ಕೈಬ್ರೇಕಿನ ಚಕ್ರವನ್ನು ಮುಟ್ಟಿದ, ತಿರುಗಿತು. ಇಡೀ ಡಬ್ಬಿಯೊಳಗೆ ತಿರುಗುವುದು ಅದೊಂದೇ. ಅದನ್ನು ತಿರುಗುವಂತೆ ಮಾಡಲು ಕರಿಸಿದ್ದಪ್ಪ ಮೂರು ತಿಂಗಳು ತೆಗೆದುಕೊಂಡಿದ್ದ.

ಎರಡು ವರ್ಷದ ಹಿಂದೆ, ಒಳಗಿನದೆಲ್ಲ ಮುಗಿದ ಮಧ್ಯಾಹ್ನ, ಕರಿಸಿದ್ದಪ್ಪ ಹೀಗೆಯೇ ಡಬ್ಬಿಯನ್ನು ಎತ್ತಿ ಇವನ ಕಣ್ಣಿಗೆ ಹಿಡಿದಿದ್ದ. “ನಮ್ಮನೆ ನೋಡಪ್ಪ ಡ್ರೈವರ್ರೇ. ಅಷ್ಟು ವರ್ಷ ಎಳೆದೆಯಲ್ಲ, ಒಂದ್ಸಲನೂ ಒಳಗೆ ಬಂದಿರಲಿಲ್ಲ ನೀನು. ನಿನಗೆ ತೋರಿಸಾಣ ಅಂತಲೇ ಮಾಡಿದ್ದು.”

ಮೂಡಲಗಿರಿಯಪ್ಪ ಬಹಳ ಹೊತ್ತು ನೋಡಿದ್ದ. ಬೆಂಚು, ಹಲಗೆ, ಹೂಜಿ. ಬೆಂಚಿನ ತುದಿಯಲ್ಲಿ, ಗೋಡೆಯಿಂದ ತುಸು ಹೊರಚಾಚಿದ ಒಂದು ಸಣ್ಣ ಕಿಂಡಿ.

“ಇದೇನು?”

“ಅಲ್ಲಿ ಕುಂತ್ರೆ ಎಂಜಿನ್ ಕಾಣ್ತಿತ್ತು. ನಿನ್ ತಲೆ ಕಾಣ್ತಿತ್ತು, ಸಾಸಿವೆ ಕಾಳಷ್ಟು.”

“ಯಾವಾಗ್ಲೂ ಕಾಣ್ತಿತ್ತಾ?”

ಕರಿಸಿದ್ದಪ್ಪ ಅರ ಎತ್ತಿಕೊಂಡು ಸೂರಿನ ಅಂಚನ್ನು ತಿಕ್ಕತೊಡಗಿದ್ದ. ತಿಕ್ಕುವುದೇನೂ ಉಳಿದಿರಲಿಲ್ಲ. “ತಿರುಗಿದಾಗ” ಎಂದ.

ಮೂಡಲಗಿರಿಯಪ್ಪನ ನಾಲಿಗೆಯ ಮೇಲೆ ಮಾತು ಬಂದು ಕೂತಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಅರದ ಸದ್ದು ನಿಂತಿತ್ತು. ಕರಿಸಿದ್ದಪ್ಪ ಕಾದ, ಕಾದದ್ದು ಗೊತ್ತಾಗುವಷ್ಟು ಹೊತ್ತು ಕಾದ. ಆಮೇಲೆ ಸೂರನ್ನು ಕೈಗೆ ತೆಗೆದುಕೊಂಡು, “ಇದನ್ನ ಮುಂದಿನ ವಾರ ಹಾಕಾಣ ಬಿಡು” ಎಂದ. ಮುಂದಿನ ವಾರವೂ ಹಾಗೇ ಎಂದ. ಅದರ ಮುಂದಿನ ವಾರವೂ.

“ಮಾವ, ಕಡ್ಡಿ ಆರುತ್ತೆ” ಎಂದಳು ಚೈತ್ರಾ.

ಅವನು ಸೂರನ್ನು ಇಟ್ಟ. ಚೈತ್ರಾ ಒತ್ತಿ ಹಿಡಿದಳು. ಬೆಸುಗೆ ಪೇಸ್ಟ್ ಸವರಿದ ಅಂಚಿಗೆ ಬಿಸಿ ಮೊನೆ ತಾಗಿ ಚುಯ್ ಎಂದಿತು. ಸೀಸ ಕರಗಿ ಅಂಚಿನ ಉದ್ದಕ್ಕೂ ನೀರಿನಂತೆ ಓಡಿ, ಒಂದು ಕ್ಷಣ ಫಳ ಫಳ ಹೊಳೆದು, ಮಂಕಾಗಿ ಗಟ್ಟಿಯಾಯಿತು. ಇನ್ನೊಂದು ಅಂಚು. ಎರಡು ತುದಿ. ಒಂದು ಕಡೆ ಸೀಸದ ಗುಳ್ಳೆ ಉಳಿಯಿತು. ಕರಿಸಿದ್ದಪ್ಪನಾಗಿದ್ದರೆ ಬಿಡುತ್ತಿರಲಿಲ್ಲ.

“ಆಯ್ತಾ?” ಎಂದ ಮೈಲಾರಪ್ಪ, ತನಗೇ ತಿಳಿಯದೆ ಮೆತ್ತಗೆ.

“ಆಯ್ತು.”

“ಹೋಗಾಣ ಹಂಗಾರೆ. ಲೇ ದುರುಗೇಶ, ಟೆಂಪೋ ತಿರುಗಿಸಪ್ಪ.”

*

ಕರಿಸಿದ್ದಪ್ಪನ ಹುಟ್ಟೂರು ಹೊಸದುರ್ಗ ರೋಡಿಗೆ ಮೂರು ಮೈಲಿ ಈಚೆ. ಅವರ ಹೊಲದ ಅಂಚಿನಲ್ಲೇ ಹಳಿ ಹೋಗಿತ್ತು. ಈಗ ಅದು ದೊಡ್ಡ ಗೇಜು, ಮೇಲೆ ಕರೆಂಟ್ ತಂತಿ. ಬದುವಿನ ಮೇಲಿನ ಬೇವಿನ ಮರದ ಕೆಳಗೆ, ಅಪ್ಪ ಅವ್ವನ ಪಕ್ಕಕ್ಕೆ ಗುಂಡಿ ತೆಗೆದಿದ್ದರು. ಅಳಿಯ ದುರುಗೇಶ, ದಾಯಾದಿಗಳು ಸೇರಿ ಇಳಿಸಿದರು. ಭಂಡಾರ ಎರಚಿದರು. ಉಪ್ಪು ಹಾಕಿದರು. ತಿಪ್ಪಮ್ಮ ಮಾಡಿಕೊಟ್ಟಿದ್ದ ಬುತ್ತಿಯನ್ನು ಏಕನಾಥಮ್ಮ ಕೆಳಗಿದ್ದವರ ಕೈಗೆ ಕೊಟ್ಟಳು. ಎರಡು ರೊಟ್ಟಿ, ಮೇಲೆ ಚಟ್ನಿ. ಅದರ ವಾಸನೆ ಮೂಡಲಗಿರಿಯಪ್ಪನ ಮೂಗಿಗೆ ಬಂತು.

“ಡಬ್ಬಿ ಕೊಡ್ರಿ ಡ್ರೈವರ್ರೇ” ಎಂದ ಮೈಲಾರಪ್ಪ.

ಮೂಡಲಗಿರಿಯಪ್ಪ ತಾನೇ ಕೂತು, ಬಗ್ಗಿ, ಮಡಚದ ಹೆಬ್ಬೆರಳಿನ ಆ ಬಲ ಅಂಗೈಯ ಪಕ್ಕದಲ್ಲಿ ಇಟ್ಟ. ಕಿಂಡಿ ತಲೆಯ ಕಡೆಗೆ ಬರುವಂತೆ ಇಟ್ಟ. ಎದ್ದು ನಿಲ್ಲಲು ಅವನಿಗೆ ದುರುಗೇಶ ಕೈ ಕೊಡಬೇಕಾಯಿತು.

ಮಣ್ಣು ಬಿದ್ದು ಮುಗಿದ ಮೇಲೆ ಜನ ಮೋಟಾರಿನ ನೀರಿಗೆ ಕೈಕಾಲು ತೊಳೆಯಲು ಹೋದರು. ಬೇವಿನ ಕೆಳಗೆ ಇವರಿಬ್ಬರೇ ಉಳಿದರು. ಏಕನಾಥಮ್ಮ ಹೊಸ ಮಣ್ಣನ್ನೇ ನೋಡುತ್ತ ನಿಂತಿದ್ದಳು. ಆ ಬೆಳಿಗ್ಗೆಯಿಂದ ಮೊದಲ ಸಲ ಅವಳ ಕಣ್ಣಿನಲ್ಲಿ ನೀರಿತ್ತು.

“ಅಣ್ಣಾ, ಒಂದು ಕೇಳ್ತೀನಿ. ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ.”

“ಕೇಳಮ್ಮ.”

“ಅವತ್ತು ನೀನು ತಿರುಗಿ ನೋಡಿದಾಗ, ಅವ್ರ ಮುಖ ಹೆಂಗಿತ್ತು? ಅವ್ರನ್ನ ಕೇಳಿದ್ರೆ ನಗಾರು. ‘ಡ್ರೈವರನ್ನೇ ಕೇಳೇ’ ಅನ್ನಾರು.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಹೆದರಿದ್ರಾ? ನಾನು ಅವ್ರು ಹೆದರಿದ್ದೇ ಕಾಣಲಿಲ್ಲ ನೋಡು ಜೀವಮಾನದಲ್ಲಿ. ನೀನೊಬ್ಬನೇ ಕಂಡಿರಾದು.”

ಮೂಡಲಗಿರಿಯಪ್ಪ ಬಾಯಿ ತೆರೆದ. ‘ಡ್ರೈವರನ್ನೇ ಕೇಳೇ.’ ಇಷ್ಟು ವರ್ಷ ಕರಿಸಿದ್ದಪ್ಪ ಹೀಗೆ ಬಾಗಿಲು ತೆರೆದೇ ಇಟ್ಟಿದ್ದನೇ? ಬೆಳಿಗ್ಗೆಯಿಂದ, ಅಲ್ಲ, ಮೂವತ್ತೈದು ವರ್ಷದಿಂದ ಹೊತ್ತುಕೊಂಡದ್ದನ್ನು ಇಳಿಸಲು ಇದಕ್ಕಿಂತ ಒಳ್ಳೆಯ ಜಾಗ ಇನ್ನು ಸಿಗುವುದಿಲ್ಲ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ತನ್ನ ಗಂಡನ ಒಂದು ಮುಖ. ತಾನು ಕಾಣದೆ ಉಳಿದ ಒಂದೇ ಒಂದು ಮುಖ.

“ದೂರ ಇತ್ತು ತಾಯಿ” ಎಂದ ಅವನು. “ಸರಿಯಾಗಿ ಕಾಣಲಿಲ್ಲ. ಆದ್ರೆ ಹೆದರಿದಂಗೆ ಇರಲಿಲ್ಲ. ಬಾವುಟ ಹಿಡಿದ ಕೈ ಗಟ್ಟಿಯಾಗಿತ್ತು.”

ಅವಳು ತಲೆಯಾಡಿಸಿದಳು. ನಿಧಾನವಾಗಿ, ಆ ಮುಖವನ್ನು ಎಲ್ಲಿಯೋ ಎತ್ತಿಡುವವಳಂತೆ. ಆಮೇಲೆ ಚೈತ್ರಾ ಬಂದು ಅವಳನ್ನು ನೀರಿನ ಕಡೆಗೆ ಕರೆದೊಯ್ದಳು.

ಹೊಳಲ್ಕೆರೆ ಕಡೆಯಿಂದ ಗೂಡ್ಸ್ ಗಾಡಿಯ ಸದ್ದು ಬಂತು. ಮೂಡಲಗಿರಿಯಪ್ಪ ಬದುವಿನ ತುದಿಗೆ ನಡೆದು ನಿಂತ. ಎಂಜಿನ್ ಹಾದುಹೋಯಿತು, ಒಂದರ ಹಿಂದೊಂದು ಅದಿರಿನ ಡಬ್ಬಿಗಳು ಹೋದವು, ಐವತ್ತು, ಐವತ್ತೈದು, ಐವತ್ತೆಂಟು. ಕೊನೆಯದು ಬಂತು. ಅದರ ಹಿಂದೆ ಗಾರ್ಡ್ ಡಬ್ಬಿ ಇರಲಿಲ್ಲ. ಕೊಂಡಿಗೆ ಸಿಕ್ಕಿಸಿದ ಪೆಟ್ಟಿಗೆಯೊಂದರಲ್ಲಿ ಕೆಂಪು ದೀಪ ಮಿಣುಕುತ್ತಿತ್ತು, ಅಷ್ಟೆ.

ಅಷ್ಟರಲ್ಲಿ ಎಂಜಿನ್ ಮುಂದಿನ ತಿರುವಿಗೆ ಹೊರಳಿತ್ತು. ಅದರ ಕಿಟಕಿಯಿಂದ ಸಾಸಿವೆ ಕಾಳಷ್ಟು ತಲೆಯೊಂದು ಹೊರಬಂದು ಹಿಂದಕ್ಕೆ ನೋಡಿತು. ಯಾರೋ ಹುಡುಗ ಇರಬೇಕು. ನಿಯಮದಂತೆ ನೋಡಿದ. ಮೂಡಲಗಿರಿಯಪ್ಪನ ಬಲಗೈ ತಾನಾಗಿ ಮೇಲೆದ್ದಿತು. ಹೆಗಲ ಟವೆಲ್ ಅದರಲ್ಲಿತ್ತು. ಗಾಡಿ ಮರೆಯಾಗುವವರೆಗೆ ಅವನು ಅದನ್ನು ಹಾಗೇ ಎತ್ತಿ ಹಿಡಿದಿದ್ದ.

ಅವತ್ತು ಆ ತಿರುವಿನಲ್ಲಿ ತಾನು ತಿರುಗಿ ನೋಡಿರಲಿಲ್ಲ ಎಂದು ಅವನು ಕರಿಸಿದ್ದಪ್ಪನಿಗೂ ಹೇಳಲಿಲ್ಲ, ಏಕನಾಥಮ್ಮನಿಗೂ ಹೇಳಲಿಲ್ಲ.